ಬರಿಗೈ ಬಾಕ್ಸಿಂಗ್ ಗ್ಲೌಸ್ ಬಾಕ್ಸಿಂಗ್‌ಗಿಂತ ಸುರಕ್ಷಿತ ಎಂಬ ವಾದದಲ್ಲಿ ಹುರುಳಿದೆಯೇ?

ಪ್ರಶ್ನೆ: ಒಬ್ಬ ಚಿಕ್ಕಪ್ಪ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪಿಯುಸಿ ಓದುತ್ತಿರುವ ನನ್ನ ಅಣ್ಣನ ಮಗ ಬಾಕ್ಸಿಂಗ್ ಕಲಿಯುತ್ತಿದ್ದಾನೆ. ಕುಸ್ತಿಯ ಊರಿನಲ್ಲಿ ಹುಟ್ಟಿದವನಿಗೆ ಬಾಕ್ಸಿಂಗ್ ಏಕೆ ಎಂದು ಮನೆಯ ಹಿರಿಯರು ಆಕ್ಷೇಪಿಸಿದಾಗ ಅವನ ಪರವಾಗಿ ನಿಂತವನು ನಾನು. ಈಚೆಗೆ ಅವನು ಅಮೆರಿಕದ ಬರಿಗೈ ಬಾಕ್ಸಿಂಗ್ ಪಂದ್ಯಗಳನ್ನು ಮೊಬೈಲಿನಲ್ಲಿ ಬಿಡದೆ ನೋಡುತ್ತಿದ್ದಾನೆ. ಗ್ಲೌಸ್ ಇದ್ದರೆ ಕೈಗೆ ನೋವಾಗುವುದಿಲ್ಲವಾದ್ದರಿಂದ ತಲೆಗೆ ಎಷ್ಟು ಬೇಕಾದರೂ ಹೊಡೆಯಬಹುದು, ಬರಿಗೈಯಲ್ಲಿ ಹಾಗೆ ಹೊಡೆದರೆ ಹೊಡೆದವನ ಕೈಯೇ ಮುರಿಯುತ್ತದೆ, ಆದ್ದರಿಂದ ಮಿದುಳಿಗೆ ಬರಿಗೈಯೇ ಕ್ಷೇಮ ಎಂಬುದು ಅವನ ವಾದ. ಮುಖ ಹರಿದು ರಕ್ತ ಸುರಿಯುವುದನ್ನು ನೋಡಿದ ಮೇಲೆ ಈ ಮಾತನ್ನು ಒಪ್ಪಲು ಮನಸ್ಸು ಬಾರದು. ಅಲ್ಲಗಳೆಯಲು ನನ್ನಲ್ಲಿ ಕಾರಣವೂ ಇಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು. ಯುವಕರನ್ನು ಇದು ಇಷ್ಟೊಂದು ಸೆಳೆಯುವುದೇಕೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಮೂಳೆ ವೈದ್ಯ, ಚಿತ್ರದುರ್ಗ

ನಿಮ್ಮ ಹುಡುಗನ ವಾದದ ಮೊದಲರ್ಧ ಸರಿಯಾಗಿದೆ, ತೀರ್ಮಾನ ಸರಿಯಿಲ್ಲ. ಗ್ಲೌಸ್ ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಕೈಯನ್ನು. ಅಂಗೈಯೊಳಗಿನ ಮೂಳೆಗಳು ತೆಳುವಾದವು, ಹಣೆಯ ಮೂಳೆ ದಪ್ಪ. ಎರಡೂ ನೇರವಾಗಿ ಡಿಕ್ಕಿಯಾದರೆ ಸಾಮಾನ್ಯವಾಗಿ ಮುರಿಯುವುದು ಕಿರುಬೆರಳಿನ ಬುಡದ ಮೂಳೆ. ಗೋಡೆಗೋ ಬಾಗಿಲಿಗೋ ಸಿಟ್ಟಿನಿಂದ ಗುದ್ದಿ ಬರುವ ಹುಡುಗರಲ್ಲಿ ನಾವು ನೋಡುವುದೂ ಇದೇ ಮುರಿತವನ್ನು. ಹೆವಿವೇಟ್ ಚಾಂಪಿಯನ್ ಆಗಿದ್ದ ಮೈಕ್ ಟೈಸನ್ 1988ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಮತ್ತೊಬ್ಬ ಬಾಕ್ಸರ್‌ನೊಂದಿಗೆ ಹೊಡೆದಾಡಿದಾಗ ಅವರ ಬಲಗೈ ಮೂಳೆಯೂ ಬಿರುಕು ಬಿಟ್ಟಿತ್ತು. ಎದುರಾಳಿಯ ಹಲ್ಲಿಗೆ ಗೆಣ್ಣು ತಗುಲಿ ಸೀಳುವ ಗಾಯ ಇನ್ನೂ ಅಪಾಯಕಾರಿ. ನೋಡಲು ಚಿಕ್ಕದಾದರೂ ಬಾಯಿಯ ರೋಗಾಣುಗಳು ಕೀಲಿನೊಳಗೆ ಸೇರಿ ಕೀವಾಗಿ, ಬೆರಳು ಶಾಶ್ವತವಾಗಿ ಸೆಟೆದುಕೊಳ್ಳಬಹುದು.

ಇನ್ನು ಮಿದುಳಿನ ವಿಷಯ. ಗ್ಲೌಸಿನ ಮೆತ್ತೆ ಪೆಟ್ಟನ್ನು ಅಗಲವಾಗಿ ಹರಡುತ್ತದೆ, ಆದ್ದರಿಂದ ಚರ್ಮ ಸೀಳುವುದು ಕಡಿಮೆಯಾಗುತ್ತದೆ. ಆದರೆ ಮಿದುಳಿಗೆ ಹೆಚ್ಚು ಹಾನಿ ಮಾಡುವುದು ತಲೆ ಗಕ್ಕನೆ ತಿರುಗುವ ಚಲನೆ. ದವಡೆಗೆ ಬಿದ್ದ ಪೆಟ್ಟಿನಿಂದ ತಲೆ ಹಾಗೆ ತಿರುಗಿದಾಗ, ಮಿದುಳಿನ ಮೇಲ್ಮೈಯಿಂದ ಹೊರಪೊರೆಗೆ ಸಾಗುವ ಸೂಕ್ಷ್ಮ ರಕ್ತನಾಳಗಳು ಹರಿದು, ತಲೆಬುರುಡೆಯೊಳಗೆ ರಕ್ತ ತುಂಬಿಕೊಳ್ಳಬಹುದು. ಇದನ್ನು ಗ್ಲೌಸ್ ತಡೆಯಲಾರದು. ಕೊರಿಯಾದ ಡುಕ್ ಕೂ ಕಿಮ್ ಗ್ಲೌಸ್ ತೊಟ್ಟೇ 1982ರ ನವೆಂಬರಿನಲ್ಲಿ ರೇ ಮ್ಯಾನ್ಸಿನಿಯ ಎದುರು 14ನೇ ಸುತ್ತಿನವರೆಗೆ ಕಾದಾಡಿ, ಮಿದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಿಶ್ವ ಪ್ರಶಸ್ತಿ ಪಂದ್ಯಗಳನ್ನು 15 ಸುತ್ತುಗಳಿಂದ 12ಕ್ಕೆ ಇಳಿಸಿದ್ದು ಆ ಸಾವಿನ ನಂತರವೇ. ವರ್ಷಗಟ್ಟಲೆ ಪೆಟ್ಟು ತಿಂದ ಬಾಕ್ಸರುಗಳ ಮಾತು ತೊದಲುವುದನ್ನೂ ನಡಿಗೆ ತಡವರಿಸುವುದನ್ನೂ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಷ್ಟು ಹಿಂದೆಯೇ ದಾಖಲಿಸಿದ್ದಾರೆ.

ಹಾಗೆಂದು ಬರಿಗೈ ಮಿದುಳನ್ನು ಕಾಯುತ್ತದೆ ಎನ್ನಲಾಗದು. ಒಂದೇ ಗುದ್ದಿಗೆ ಪ್ರಜ್ಞೆ ತಪ್ಪಿ ಬೀಳುವುದು ಅಲ್ಲಿಯೂ ಇದೆ. ಅಮೆರಿಕದಲ್ಲಿ 2021ರ ಆಗಸ್ಟಿನ ಬರಿಗೈ ಪಂದ್ಯದಲ್ಲಿ ಗುದ್ದು ತಿಂದು ಮುಖ ಅಡಿಯಾಗಿ ಬಿದ್ದ ಜಸ್ಟಿನ್ ಥಾರ್ನ್‌ಟನ್ ಅಕ್ಟೋಬರಿನಲ್ಲಿ ಮೃತಪಟ್ಟರು. ಕಣ್ಣಿನ ಗೂಡಿನ ಮೂಳೆ, ಮೂಗು, ಕೈ, ಚರ್ಮ ಇವುಗಳ ಹಾನಿ ಬರಿಗೈಯಲ್ಲಿ ಹೆಚ್ಚು. ಇಬ್ಬರ ರಕ್ತವೂ ಬೆರೆಯುವುದರಿಂದ ಹೆಪಟೈಟಿಸ್‌ನಂಥ ಸೋಂಕಿನ ಭಯ ಬೇರೆ.

ಉತ್ತರ 2: ಹಳೆಯ ಗರಡಿ ಪೈಲ್ವಾನ, ದಾವಣಗೆರೆ

ಸೆಳೆತದ ಬಗ್ಗೆ ಕೇಳಿದ್ದೀರಿ. ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ಸೇರುವ ಜನರನ್ನು ನೋಡಿದವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ನಡುವೆ ಯಾವ ಸಾಧನವೂ ಇಲ್ಲದೆ ಇಬ್ಬರು ಎದುರುಬದುರಾದಾಗ ಯಾರ ಕಸುವು ಎಷ್ಟು ಎಂಬುದು ಕಣ್ಣೆದುರಿಗೇ ತಿಳಿಯುತ್ತದೆ ಎಂಬ ಭಾವನೆ ಮೂಡುತ್ತದೆ. ಆ ಆಸೆಯನ್ನು ನಾನು ಕೀಳೆನ್ನುವುದಿಲ್ಲ, ನನ್ನ ಯೌವನವೆಲ್ಲ ಅದರಲ್ಲಿಯೇ ಕಳೆದಿದೆ. ಆದರೆ ನಮ್ಮ ಮಟ್ಟಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯಿತು. ಎದುರಾಳಿಯ ಎಚ್ಚರ ತಪ್ಪಿಸುವುದು ಗುರಿಯಲ್ಲ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ, ಅಂದರೆ ಗೆಣ್ಣಿಗೆ ಮೊನಚಾದ ಆಯುಧ ತೊಟ್ಟು ಜಟ್ಟಿಗಳು ಆಡುವ ಕಾಳಗ, ನೋಡಲು ಎಷ್ಟೇ ಭೀಕರವಾಗಿದ್ದರೂ, ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ನಿಂತುಬಿಡುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹಿರಿಯರು ಮೊದಲೇ ಗೊತ್ತುಮಾಡಿ ಕಣಕ್ಕೆ ಇಳಿಸುತ್ತಿದ್ದರು. ಮೊಬೈಲಿನ ತುಣುಕುಗಳಲ್ಲಿ ಹುಡುಗರು ನೋಡುವುದು ಗುದ್ದನ್ನು ಮಾತ್ರ. ಬಿದ್ದವನ ಮರುದಿನವನ್ನು ಅವರಿಗೆ ಯಾರೂ ತೋರಿಸುವುದಿಲ್ಲ.

ಉತ್ತರ 3: ಬಾಕ್ಸಿಂಗ್ ತರಬೇತುದಾರ

ವೈದ್ಯರ ಮಾತಿಗೆ ಸ್ವಲ್ಪ ಇತಿಹಾಸ ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ ಜ್ಯಾಕ್ ಬ್ರೌಟನ್ 1743ರಲ್ಲಿ ಮೊದಲ ನಿಯಮಗಳನ್ನು ಬರೆದದ್ದು ತನ್ನೊಡನೆ ಸೆಣಸಿದವನೊಬ್ಬ ಸತ್ತ ಮೇಲೆ. ಅಂದಿನ ಬರಿಗೈ ಕಾಳಗದಲ್ಲಿ ಹಿಡಿದು ಕೆಡವುವುದಕ್ಕೆ ಅವಕಾಶವಿತ್ತು, ಒಬ್ಬ ಬಿದ್ದರೆ ಸುತ್ತು ಮುಗಿಯುತ್ತಿತ್ತು, ಕೈ ಉಳಿಸಿಕೊಳ್ಳಲು ಹೊಟ್ಟೆ ಪಕ್ಕೆಗಳಿಗೂ ಹೊಡೆಯುತ್ತಿದ್ದರು. ಆದ್ದರಿಂದಲೇ 1889ರಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್‌ರೇನ್ ಮಿಸಿಸಿಪ್ಪಿಯ ಬಿಸಿಲಿನಲ್ಲಿ 75 ಸುತ್ತು, ಎರಡು ಗಂಟೆಗೂ ಹೆಚ್ಚು ಕಾಲ ಸೆಣಸಲು ಸಾಧ್ಯವಾಯಿತು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಗ್ಲೌಸನ್ನೂ ಮೂರು ನಿಮಿಷದ ಸುತ್ತನ್ನೂ ತಂದು, ಹಿಡಿತ ಕೆಡವುಗಳನ್ನು ನಿಷೇಧಿಸಿದವು.

ಇಂದಿನ ಬರಿಗೈ ಪಂದ್ಯ ಆ ಹಳೆಯದರ ಮುಂದುವರಿಕೆಯಲ್ಲ. 2018ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಮೊದಲ ಪಂದ್ಯಕೂಟ ನಡೆಸಿದ ಬೇರ್ ನಕಲ್ ಫೈಟಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಎರಡೆರಡು ನಿಮಿಷಗಳ ಐದು ಸುತ್ತು, ಅಂದರೆ ಒಟ್ಟು 10 ನಿಮಿಷ. ವೃತ್ತಿಪರ ಗ್ಲೌಸ್ ಬಾಕ್ಸಿಂಗಿನ ಪ್ರಶಸ್ತಿ ಪಂದ್ಯ 36 ನಿಮಿಷ. ಬರಿಗೈಯಲ್ಲಿ ತಲೆಗೆ ಬೀಳುವ ಪೆಟ್ಟುಗಳ ಸಂಖ್ಯೆ ಕಡಿಮೆ ಎಂದು ಕಂಡರೆ ಅದಕ್ಕೆ ಈ ಗಡಿಯಾರವೂ ಕಾರಣ, ಗೆಣ್ಣು ಮಾತ್ರವಲ್ಲ. ಹುಡುಗ ಹೋಲಿಸಬೇಕಾದದ್ದು ತಾನು ಆಡುವ ಹವ್ಯಾಸಿ ಬಾಕ್ಸಿಂಗಿನೊಡನೆ: ಮೂರು ಸುತ್ತು, 10 ಅಥವಾ 12 ಔನ್ಸಿನ ಗ್ಲೌಸ್, ಪಂದ್ಯಕ್ಕೆ ಮುನ್ನ ವೈದ್ಯಕೀಯ ತಪಾಸಣೆ, ತಲೆಗೆ ಪೆಟ್ಟು ಬಿದ್ದು ನಾಕೌಟ್ ಆದರೆ ಕನಿಷ್ಠ 30 ದಿನ ಕಣಕ್ಕಿಳಿಯುವಂತಿಲ್ಲ. ನಾನು ಈ ಆಟವನ್ನು ಪ್ರೀತಿಸುತ್ತೇನೆ, ಅದಕ್ಕಾಗಿಯೇ ಇಷ್ಟು ಕಟುವಾಗಿ ಹೇಳುತ್ತೇನೆ: ಅಪಾಯ ಹೆಚ್ಚಿರುವುದು ಗ್ಲೌಸ್ ಬಿಚ್ಚಿದ ಕಡೆ ಮಾತ್ರವಲ್ಲ, ವೈದ್ಯರೂ ಆಂಬುಲೆನ್ಸೂ ಇಲ್ಲದೆ ಹುಡುಗರನ್ನು ಕಣಕ್ಕಿಳಿಸುವ ಕಡೆ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ಮೈಸೂರಿನ ಯುವಕನೊಬ್ಬ ಸತ್ತನು. ಅಲ್ಲಿಯೂ ಕೈಗಳಲ್ಲಿ ಗ್ಲೌಸ್ ಇತ್ತು.

ಪ್ರಶ್ನೆ ಕೇಳಿದವರು:

ಮೂವರಿಗೂ ಋಣಿಯಾಗಿದ್ದೇನೆ. ಈ ಉತ್ತರಗಳನ್ನು ಹುಡುಗನಿಗೆ ಓದಿಸಿದೆ. ಮೂಳೆಯ ಮಾತನ್ನು ಒಪ್ಪಿದ, ಗಡಿಯಾರದ ಮಾತಿಗೆ ಸುಮ್ಮನಾದ. ಸ್ಪಾರಿಂಗ್, ಅಂದರೆ ಜೊತೆಗಾರನೊಡನೆ ಅಭ್ಯಾಸದ ಗುದ್ದಾಟ, ಆದ ದಿನ ತಲೆ ಭಾರವೆಂದು ಬೇಗ ಮಲಗುವುದುಂಟು ಎಂದು ಆಗ ಬಾಯಿಬಿಟ್ಟ. ಇದಕ್ಕೆ ಏನು ಮಾಡಬೇಕು?

ಉತ್ತರ 1 ಬರೆದ ವೈದ್ಯರು:

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಸ್ಪಾರಿಂಗ್ ಪೂರ್ತಿ ನಿಲ್ಲಿಸಿ, ತರಬೇತುದಾರರಿಗೂ ತಿಳಿಸಿ. ಒಂದು ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಬಿದ್ದರೆ ಅದು ಪ್ರಾಣಕ್ಕೇ ಎರವಾಗಬಹುದು. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಮಾತಿನ ತೊದಲು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಅದೇ ರಾತ್ರಿ ಕರೆದೊಯ್ಯಿರಿ.