ಸೈಟ್ ಎದುರಿಗೆ ಕಂಬವೂ ಇದೆ, ಮ್ಯಾನ್‌ಹೋಲೂ ಇದೆ: ಪ್ಲಾನ್ ಮಾಡಿಸುವ ಮುಂಚೆ ಇನ್ನೇನು ನೋಡಬೇಕು? (ಚಿಕ್ಕಮಗಳೂರು)

ಮಲೆನಾಡು_ಮನೆ:
ಕಡೂರು ರಸ್ತೆ ಕಡೆ, ಊರಂಚಿನ ಬಡಾವಣೆಯಲ್ಲಿ 40×60 ಅಡಿ ಸೈಟು. ರಸ್ತೆಗಿಂತ 50 ಸೆಂ.ಮೀ. ತಗ್ಗು. ಎದುರಿಗೇ ಕರೆಂಟ್ ಕಂಬ, ಮೂಲೆಯಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ಮ್ಯಾನ್‌ಹೋಲ್. ಅದರ ತಳ ರಸ್ತೆಯಿಂದ 90 ಸೆಂ.ಮೀ. ಕೆಳಗಿದೆ ಅಂತ ಮೇಸ್ತ್ರಿ ಹೇಳಿದ್ದಾರೆ. ನಲ್ಲಿ ನೀರು ಪಕ್ಕದ ಮನೆವರೆಗೆ ಬಂದಿದೆ, ನಾಲ್ಕು ದಿನಕ್ಕೊಮ್ಮೆ ಬಿಡ್ತಾರಂತೆ. ಬಚ್ಚಲು, ಟಾಯ್ಲೆಟ್ ಹಿಂದುಗಡೆ ಬೇಕು ಅಂತ ಮನೆಯಲ್ಲಿ ಹೇಳ್ತಿದ್ದಾರೆ. ಅಲ್ಲಿಂದ ಮ್ಯಾನ್‌ಹೋಲ್‌ಗೆ ಪೈಪ್ 24 ಮೀಟರ್ ಓಡಬೇಕು. ಪ್ಲಾನ್‌ಗೆ ಕೊಟ್ಟುಬಿಡಬಹುದಾ?

ತೂಗುಗುಂಡು:
ಈಗಲೇ ಕೊಡಬೇಡಿ ಸರ್. ನೀವು ಕೊಟ್ಟ ಅಳತೆಯಲ್ಲೇ ತೊಂದರೆ ಇದೆ.

ಮ್ಯಾನ್‌ಹೋಲ್ ತಳ ರಸ್ತೆಯಿಂದ 90, ಸೈಟು ರಸ್ತೆಯಿಂದ 50 ಕೆಳಗೆ. ಅಂದರೆ ನಿಮ್ಮ ನೆಲದಿಂದ ಮ್ಯಾನ್‌ಹೋಲ್ ತಳಕ್ಕೆ ಸಿಗೋದು ಬರೀ 40 ಸೆಂ.ಮೀ. 110 ಮಿ.ಮೀ. ಪೈಪಿಗೆ 60ಕ್ಕೆ 1ರ ಇಳಿಜಾರು ಕೊಟ್ಟರೆ 24 ಮೀಟರಿಗೆ 40 ಸೆಂ.ಮೀ. ಅದರಲ್ಲೇ ಮುಗೀತು. ಪೈಪ್ ಶುರುವಾಗುವ ಕಡೆ ಮೇಲೆ ಕನಿಷ್ಠ 30 ಸೆಂ.ಮೀ. ಮಣ್ಣು ಬೇಕಲ್ಲ, ಆ 30 ಎಲ್ಲಿಂದ ತರೋದು? ಟಾಯ್ಲೆಟ್ಟನ್ನ ಮುಂದಕ್ಕೆ ತಂದು ಪೈಪನ್ನ 9 ಮೀಟರಿಗೆ ಇಳಿಸಿದರೂ 15 + 30, ಅಂದರೆ 45 ಬೇಕು. ಆಗಲೂ 5 ಕಡಿಮೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಜೋರು ಮಳೆಯಲ್ಲಿ ಯುಜಿಡಿ ಕಟ್ಟಿಕೊಂಡರೆ ಕೊಳಚೆ ಮ್ಯಾನ್‌ಹೋಲ್ ಮುಚ್ಚಳದ ಮಟ್ಟದವರೆಗೂ ಏರುತ್ತೆ. ಬಚ್ಚಲ ನೆಲ ಆ ಮುಚ್ಚಳಕ್ಕಿಂತ ಕೆಳಗಿದ್ದರೆ ಅದು ನಿಮ್ಮ ಬಚ್ಚಲಲ್ಲೇ ಉಕ್ಕುತ್ತೆ. ಹಾಗಾಗಿ ಬಚ್ಚಲ ನೆಲ ರಸ್ತೆಗಿಂತ ಕನಿಷ್ಠ 15 ಸೆಂ.ಮೀ. ಮೇಲಿರಲಿ, ಅಂದರೆ ಈಗಿನ ನೆಲದಿಂದ 65 ಮೇಲೆ. ಅಷ್ಟು ಎತ್ತರಿಸಿದರೆ ಇಳಿಜಾರಿನ ಲೆಕ್ಕವೂ ತಾನಾಗಿ ಕೂಡುತ್ತೆ. ಆದರೆ ತುಂಬುವ ಮಣ್ಣನ್ನ 15 ಸೆಂ.ಮೀ. ಪದರ ಪದರವಾಗಿ ನೀರು ಹೊಡೆದು ದಮ್ಮಸ್ಸು ಮಾಡಿಸಿ. ಸಡಿಲ ಮಣ್ಣಿನ ಮೇಲೆ ಹಾಕಿದ ಪೈಪ್ ನಡುವೆ ಜಗ್ಗಿ, ಅಲ್ಲೇ ಹೂಳು ಕೂರುತ್ತೆ.

ಬಾಯಿಮಾತಿನ ಅಳತೆ ನಂಬಬೇಡಿ. ಲೆವೆಲ್ ಪೈಪಲ್ಲಿ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿಸಿ, ಒಂದು ತುದಿ ಮ್ಯಾನ್‌ಹೋಲ್ ಮುಚ್ಚಳದ ಹತ್ತಿರ, ಇನ್ನೊಂದು ಸೈಟಿನ ಹಿಂಬದಿ ಮೂಲೆಯಲ್ಲಿ ಹಿಡಿದು ಎರಡು ಸಲ ಅಳೆಸಿ. ಮುಚ್ಚಳ ತೆಗೆಯೋದು ನಗರಸಭೆಯವರ ಕೈಯಲ್ಲೇ ಆಗಲಿ, ಕೋಲನ್ನ ಮೇಲಿಂದಲೇ ಇಳಿಸಿ. ಒಳಗೆ ಯಾರೂ ಇಳಿಯಕೂಡದು, ಬಗ್ಗಿ ಇಣುಕಲೂ ಬಾರದು. ಅಲ್ಲಿನ ಗ್ಯಾಸ್ ಪ್ರಾಣ ತೆಗೆಯುತ್ತೆ. ತೆಗೆಸಿದಾಗ ತಳದಲ್ಲಿ ನೀರು ಹರೀತಾ ಇದೆಯಾ ಅಂತಲೂ ನೋಡಿ.

ಲೈನ್‌ಕೆಲಸ:
ಕಂಬ ಇದ್ದ ಮಾತ್ರಕ್ಕೆ ಕರೆಂಟ್ ಸಿಗುತ್ತೆ ಅಂತಲ್ಲ. ಊರಂಚಲ್ಲಿ ಎಷ್ಟೋ ಕಂಬ ಪಂಪ್‌ಸೆಟ್ ಫೀಡರಿನವು (ಹೊಲದ ಪಂಪಿಗೆಂದೇ ಇರುವ ಲೈನ್). ಅದರಲ್ಲಿ ದಿನವಿಡೀ ತ್ರೀ ಫೇಸ್ ಇರಲ್ಲ, ಮನೆಗೆ ಬೇಕಾದ್ದು ನಿರಂತರ ಜ್ಯೋತಿ (ಹಳ್ಳಿ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ಲೈನ್) ಅಥವಾ ಪಟ್ಟಣದ ಫೀಡರು. ಪಕ್ಕದ ಮನೆಯ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ಮತ್ತು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಬರೆದ ನಂಬರ್ ಗುರುತು ಹಾಕಿಕೊಂಡು ಮೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ (ಹಾಸನದವರಾದರೆ ಸೆಸ್ಕ್). ಟಿಸಿ ಎಷ್ಟು ಕೆವಿಎ, ಈಗ ಎಷ್ಟು ಲೋಡ್ ಇದೆ, ನಿಮಗೆ ಬೇಕಾದ ಕಿಲೋವ್ಯಾಟ್ ಅದರಲ್ಲಿ ಸಿಗುತ್ತಾ ಅಂತ ಜೆಇ (ಜೂನಿಯರ್ ಎಂಜಿನಿಯರ್) ಹತ್ತಿರ ಕೇಳಿ.

ಸಂಜೆ 7ರಿಂದ 9ರೊಳಗೆ ಪಕ್ಕದ ಮನೆಯಲ್ಲಿ ಮೀಟರ್ ಇಟ್ಟು ವೋಲ್ಟೇಜ್ ನೋಡಿ. 230ಕ್ಕೆ ಶೇ. 6 ಹೆಚ್ಚುಕಡಿಮೆ, ಅಂದರೆ 216ರಿಂದ 244ರವರೆಗೆ ಸರಿ. 200ರ ಹತ್ತಿರ ಇಳಿದಿದ್ದರೆ ನಿಮ್ಮ ಮೋಟಾರಿಗೆ ತಾಪತ್ರಯ.

ಸೈಟ್ ಪಕ್ಕ 11 ಕೆವಿ ತಂತಿ ಹೋಗಿದ್ದರೆ ಕಟ್ಟಡದಿಂದ ಅಡ್ಡಕ್ಕೆ 1.2 ಮೀ., ಎತ್ತರಕ್ಕೆ 3.7 ಮೀ. ಬಿಡಲೇಬೇಕು. ಇದನ್ನ ಅಳೆಯೋದು ಗೋಡೆಯಿಂದಲ್ಲ, ಬಾಲ್ಕನಿ, ಸಜ್ಜಾದ ತುದಿಯಿಂದ.

ಕಾಗದದ್ದೂ ಒಂದು ಮಾತು. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕರೆಂಟ್, ನೀರು, ಒಳಚರಂಡಿ ಸಂಪರ್ಕ ಕೊಡುವ ಮುಂಚೆ ಒಸಿ (ಕಟ್ಟಿ ಮುಗಿದ ಮೇಲೆ ಸಿಗುವ ವಾಸದ ಪ್ರಮಾಣಪತ್ರ) ನೋಡಬೇಕು. ಮಂಜೂರಾದ ಪ್ಲಾನ್ ಬಿಟ್ಟು ಕಟ್ಟಿದರೆ ಒಸಿಗೆ ತೊಡಕು. ಎತ್ತರ, ಟಾಯ್ಲೆಟ್ ಜಾಗ ಬದಲಿಸುವುದಿದ್ದರೆ ಈಗಲೇ ಬದಲಿಸಿ.

ಮಲೆನಾಡು_ಮನೆ:
ನಗರಸಭೆಯವರು ಮುಚ್ಚಳ ತೆಗೆದು ತೋರಿಸಿದರು. ತಳದಲ್ಲಿ ಒಣ ಮಣ್ಣು, ಒಂದು ಹನಿ ನೀರಿಲ್ಲ. ಪಕ್ಕದವರ ಬೋರ್‌ವೆಲ್ ನಮ್ಮ ಹಿಂಬದಿ ಗೋಡೆಗೆ 3 ಮೀಟರಲ್ಲಿದೆ. ಮಣ್ಣು ಎರೆ ಕಲೆತ ಕೆಂಪು.

ತೂಗುಗುಂಡು:
ಅಂದರೆ ಪೈಪ್ ಹೂತಿದ್ದಾರೆ, ಮುಂದಿನ ಲೈನಿಗೆ ಇನ್ನೂ ಜೋಡಿಸಿಲ್ಲ. ಯಾವಾಗ ಚಾಲೂ ಆಗುತ್ತೆ ಅನ್ನೋದನ್ನ ಬರವಣಿಗೆಯಲ್ಲಿ ಕೇಳಿ. ಅಲ್ಲಿವರೆಗೆ ಸೆಪ್ಟಿಕ್ ಟ್ಯಾಂಕೇ ಗತಿ. ಅದರ ನೀರು ಇಂಗುವ ಜಾಗ ಕುಡಿಯುವ ನೀರಿನ ಬಾವಿ, ಬೋರ್‌ನಿಂದ 18 ಮೀಟರ್ ದೂರ ಇರಬೇಕು. ನಿಮ್ಮ ಸೈಟಿನ ಉದ್ದವೇ 18 ಮೀಟರ್, ಹಾಗಾಗಿ ಹಿಂದುಗಡೆ ಆಗೋದೇ ಇಲ್ಲ. ಇಂಗುವ ವ್ಯವಸ್ಥೆ ಮುಂದುಗಡೆಯೇ ಬರಬೇಕು, ಟಾಯ್ಲೆಟ್ಟನ್ನೂ ಮುಂದಕ್ಕೆ ತನ್ನಿ. ನಾಳೆ ಯುಜಿಡಿ ಚಾಲೂ ಆದರೆ ಜೋಡಿಸೋದೂ ಸುಲಭ.

ಮಣ್ಣು ನೀರು ಕುಡಿಯುತ್ತಾ ಅಂತ ಮೊದಲು ನೋಡಿ. ಇಂಗಿಸುವ ಆಳಕ್ಕೆ ಒಂದು ಗೇಣು ಅಗಲದ ಗುಂಡಿ ತೆಗೆದು, ತಳಕ್ಕೆ 5 ಸೆಂ.ಮೀ. ಜಲ್ಲಿ ಹಾಕಿ, ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಜಲ್ಲಿ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ ಅರ್ಧ ಗಂಟೆಗೊಮ್ಮೆ ಎಷ್ಟು ಇಳೀತು ಅಂತ ಅಳೆದು ಬರೆದುಕೊಳ್ಳಿ, ಪ್ರತಿ ಸಲವೂ ಮತ್ತೆ 15ಕ್ಕೆ ತುಂಬಿ. 4 ಗಂಟೆ ಹೀಗೇ ಮಾಡಿ. ಲೆಕ್ಕಕ್ಕೆ ಕೊನೆಯ ಅರ್ಧ ಗಂಟೆಯದು ಮಾತ್ರ. ಒಣಮಣ್ಣು ಮೊದಲು ಗಟಗಟ ಕುಡಿದುಬಿಡುತ್ತೆ, ಅದು ನಿಜವಾದ ಲೆಕ್ಕ ಅಲ್ಲ.

ಮಲೆನಾಡು_ಮನೆ:
ಮಾಡಿದೆ. ಕೊನೆಯ ಅರ್ಧ ಗಂಟೆಗೆ 19 ಮಿ.ಮೀ. ಇಳೀತು.

ತೂಗುಗುಂಡು:
25 ಮಿ.ಮೀ.ಗೆ ಸುಮಾರು 40 ನಿಮಿಷ ಆಯ್ತು. 30 ನಿಮಿಷದ ಒಳಗಿದ್ದರೆ ಇಂಗುಗುಂಡಿ ಸಾಕಿತ್ತು. 30ರಿಂದ 60ರವರೆಗೆ ತೂತಿನ ಪೈಪ್ ಹಾಕಿ ಜಲ್ಲಿ ತುಂಬಿದ ಉದ್ದನೆ ಇಂಗುಚರಂಡಿ ಬೇಕು. ಅದನ್ನ ಹಳೇ ನೆಲದಲ್ಲೇ ತೋಡಿಸಿ, ತುಂಬಿದ ಮಣ್ಣಲ್ಲಿ ಬೇಡ. ಮೇಲೆ ಕಾರು ನಿಲ್ಲಿಸಬೇಡಿ.

ಸಂಪಿನದ್ದೂ ಹೇಳಿಬಿಡ್ತೀನಿ: ಐದು ಜನ, ತಲೆಗೆ 135 ಲೀಟರ್, ದಿನಕ್ಕೆ 675. ಒಂದು ಸರದಿ ತಪ್ಪಿದರೂ 8 ದಿನಕ್ಕೆ 5400. 2×2×1.5 ಮೀಟರ್ ಸಂಪಿನಲ್ಲಿ 6000 ಹಿಡಿಯುತ್ತೆ. ಅದನ್ನ ಹಿಂದುಗಡೆಗೆ ಹಾಕಿ, ಇಂಗುಚರಂಡಿಯಿಂದ ದೂರ.