ಸಿಸಿಎನ್ಎ ಮೊದಲಾ, ಆರ್‌ಎಚ್‌ಸಿಎಸ್ಎ ಮೊದಲಾ?

ತುಮಕೂರು_ಹುಡುಗ:
ಡಿಪ್ಲೊಮಾ ಮುಗಿಸಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸದಲ್ಲಿದ್ದೇನೆ. ಇಲ್ಲೇ ಒಂದು ಇನ್‌ಸ್ಟಿಟ್ಯೂಟ್‌ನವರು ಸಿಸಿಎನ್ಎ (ಸಿಸ್ಕೋದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್), ಆರ್‌ಎಚ್‌ಸಿಎಸ್ಎ (ರೆಡ್ ಹ್ಯಾಟ್‌ನ ಲಿನಕ್ಸ್ ಸರ್ಟಿಫಿಕೇಟ್) ಎರಡೂ ಕೋರ್ಸ್ ಸೇರಿಸಿ ಮೂರೇ ತಿಂಗಳಲ್ಲಿ ಮುಗಿಸುತ್ತೇವೆ, ಕೆಲಸವೂ ಗ್ಯಾರಂಟಿ ಅನ್ನುತ್ತಿದ್ದಾರೆ. ಸೇರಲಾ?

ಲೇಯರ್_3:
ಗ್ಯಾರಂಟಿನ ಬರೆದುಕೊಡಿ ಅಂತ ಕೇಳಿ ನೋಡಿ, ಮಾತೇ ಬದಲಾಗುತ್ತದೆ. ನನ್ನ ಪ್ರಕಾರ ಸಿಸಿಎನ್ಎ ಮೊದಲು. 200-301 ಅನ್ನೋ ಒಂದೇ ಪರೀಕ್ಷೆ, 120 ನಿಮಿಷ. ಕಂಪ್ಯೂಟರಲ್ಲೇ ನಕಲಿ ನೆಟ್‌ವರ್ಕ್ ಕಟ್ಟೋ ಪ್ಯಾಕೆಟ್ ಟ್ರೇಸರ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್), ಓಎಸ್‌ಪಿಎಫ್ (ರೂಟರ್‌ಗಳು ದಾರಿ ಹುಡುಕೋ ವಿಧಾನ), ಎಸಿಎಲ್ (ಯಾವ ಟ್ರಾಫಿಕ್ ಬಿಡಬೇಕು, ಯಾವುದು ತಡೆಯಬೇಕು ಅನ್ನೋ ನಿಯಮ) ಎಲ್ಲ ನೀವೇ ಕಟ್ಟಿ, ಬೇಕಂತಲೇ ಕೆಡಿಸಿ, ಮತ್ತೆ ಸರಿಮಾಡಿ, ಕಲಿಯೋದು ಹಾಗೇ ಅಲ್ವಾ. ಸಬ್‌ನೆಟ್ಟಿಂಗ್ (ದೊಡ್ಡ ನೆಟ್‌ವರ್ಕನ್ನ ಚಿಕ್ಕದಾಗಿ ಒಡೆಯೋದು) ಮಗ್ಗಿ ಥರ ಬಾಯಿಗೆ ಬರಬೇಕು. ನೆಟ್‌ವರ್ಕ್ ಸೈಜ್ /26 ಅಂದ ಕೂಡಲೇ 62 ಹೋಸ್ಟ್ (ಮೆಷಿನ್) ಅಂತ ಹೊಳೆಯದಿದ್ದರೆ ಪರೀಕ್ಷೆ ಫೀಸ್ ಕಟ್ಟಬೇಡಿ.

ರೂಟ್_ಅಕ್ಕ:
ಆರ್‌ಎಚ್‌ಸಿಎಸ್ಎಯಲ್ಲಿ ಟಿಕ್ ಹಾಕುವ ಆಟವೇ ಇಲ್ಲ. ಮೆಷಿನ್ ಕೊಡುತ್ತಾರೆ, ಮಾಡಿ ತೋರಿಸಬೇಕು. 300ಕ್ಕೆ 210 ಬಂದರೆ ಪಾಸ್. ನೀವು ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ ಉಳಿದಿರಬೇಕು. ನಾನು ಮೊದಲ ಸಲ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅನ್ನೋ ಫೈಲ್) ಒಂದು ಅಕ್ಷರ ತಪ್ಪು ಬರೆದೆ, ರೀಬೂಟ್ ಕೊಟ್ಟೆ, ಮೆಷಿನ್ ಏಳಲೇ ಇಲ್ಲ! ಅದಕ್ಕೇ ಹೇಳೋದು, ರೀಬೂಟ್‌ಗೆ ಮೊದಲು ಮೌಂಟ್ -ಎ (ಆ ಫೈಲಲ್ಲಿರೋ ಡಿಸ್ಕ್‌ಗಳನ್ನ ಆಗಲೇ ಜೋಡಿಸೋ ಕಮಾಂಡ್) ಕೊಟ್ಟು ನೋಡಿ. ಅಭ್ಯಾಸಕ್ಕೆ ರೆಡ್ ಹ್ಯಾಟ್ ಥರವೇ ಇರೋ ರಾಕಿ ಲಿನಕ್ಸ್ ಸಾಕು, ದುಡ್ಡು ಕೊಡಬೇಕಿಲ್ಲ.

ತುಮಕೂರು_ಹುಡುಗ:
ಥ್ಯಾಂಕ್ಸ್ ಅಕ್ಕ. 4 ಜಿಬಿ ಲ್ಯಾಪ್‌ಟಾಪ್ ಸಾಕಾ?

ಲೇಯರ್_3:
ಪ್ಯಾಕೆಟ್ ಟ್ರೇಸರ್‌ಗೆ ಸಾಕು. ಎರಡು ವಿಎಂ (ಲ್ಯಾಪ್‌ಟಾಪ್ ಒಳಗೇ ಓಡೋ ವರ್ಚುವಲ್ ಮೆಷಿನ್) ಓಡಿಸಬೇಕಂದರೆ 8 ಮಾಡಿಸಿ. ಇನ್ನೊಂದು, ಎರಡೂ ಸರ್ಟಿಫಿಕೇಟ್ 3 ವರ್ಷಕ್ಕಷ್ಟೇ, ಸುಮ್ನೆ ಒಟ್ಟಿಗೆ ಮಾಡಿಟ್ಟುಕೊಳ್ಳಬೇಡಿ.