ಅಮೆರಿಕದ ವನ್ಯಧಾಮದಲ್ಲಿ ಬಿಲ್ಲುಬೇಟೆ: ತಯಾರಿ ಹೇಗೆ?

ಬದಿಯಡ್ಕದ ಕೃಷಿಕ: ವಿಸ್ಕಾನ್ಸಿನ್‌ನಲ್ಲಿರುವ ಭಾವ ಅಕ್ಟೋಬರಿನಲ್ಲಿ ಜಿಂಕೆ ಬೇಟೆಗೆ ಕರೆದಿದ್ದಾರೆ. ಬೇಟೆ ನಿಷೇಧಿಸುವ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಭಯದಲ್ಲಿ ಬೆಳೆದವನು ನಾನು. ಸರ್ಕಾರಿ ವನ್ಯಧಾಮದೊಳಗೇ ಬೇಟೆಯೇ? ಏನೆಲ್ಲ ಬೇಕು?

ಪೆರ್ಲದವ, ಈಗ ಅಮೆರಿಕ: ಎಲ್ಲ ಧಾಮಗಳಲ್ಲೂ ಅನುಮತಿಯಿಲ್ಲ, ಭಾವ ಹೇಳಿದ ಧಾಮದ ನಿಯಮಗಳನ್ನೇ ಓದಿ. ರಾಜ್ಯದ ಪರವಾನಗಿ ಬೇಕೇ ಬೇಕು. ಆಮಿಷ ಹಾಕುವಂತಿಲ್ಲ, ಅಟ್ಟಣೆಗೆಂದು ಮರಕ್ಕೆ ಮೊಳೆ, ಸ್ಕ್ರೂ ಹೊಡೆಯುವಂತಿಲ್ಲ. ಅಟ್ಟಣೆ ಹತ್ತಲು ನೆಲ ಬಿಡುವ ಮೊದಲೇ ಸುರಕ್ಷತಾ ಪಟ್ಟಿ ಬಿಗಿದುಕೊಳ್ಳಿ. ಬಾಣ ತಗುಲಿದ ಜಿಂಕೆ ಸಾಮಾನ್ಯವಾಗಿ ಓಡುತ್ತದೆ. ಬೆನ್ನಟ್ಟಬೇಡಿ, ಅರ್ಧ ಗಂಟೆಯಾದರೂ ಕಾಯಿರಿ. ಎಲೆಯ ಮೇಲಿನ ರಕ್ತ ನೊರೆಯಾಗಿ ತಿಳಿಗೆಂಪಾಗಿದ್ದರೆ ಶ್ವಾಸಕೋಶಕ್ಕೆ ತಗುಲಿದೆ ಎಂದರ್ಥ.

ಮಂಜೇಶ್ವರದಿಂದ: ಇಪ್ಪತ್ತು ಗಜದಲ್ಲಿ ಗುರಿ ನಿಲ್ಲದವರು ಪ್ರಾಣಿಯ ಮೇಲೆ ಬಾಣ ಬಿಡಲೇಬಾರದು. ಗಾಯಗೊಂಡ ಜೀವ ಪೊದೆಯಲ್ಲಿ ನರಳುವುದು ಘೋರ ಅನ್ಯಾಯ.

ಬದಿಯಡ್ಕದ ಕೃಷಿಕ: ಒಪ್ಪಿದೆ. ಮೊದಲು ಗುರಿಯ ಅಭ್ಯಾಸ, ಆಮೇಲೆ ಟಿಕೆಟ್.